ಹೊಟ್ಟಿ ಉಬ್ಬರಕ್ಕ ಹೊಸ ಔಷಧದ ಪ್ರಯೋಗ: ಸೇರಬೇಕೇನ್ರಿ?

ಪ್ರಶ್ನೆ (ಕಲಬುರಗಿಯಿಂದ):
ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ್ರಿ. ನನಗ 41 ವಯಸ್ಸು, ದಾಲ್ ಮಿಲ್ಲಿನಾಗ ಲೆಕ್ಕ ಬರೀತೀನಿ. ಒಂದೂವರೆ ವರ್ಷ ಆಯ್ತು, ಅರ್ಧ ರೊಟ್ಟಿ ತಿಂದ್ರ ಹೊಟ್ಟಿ ತುಂಬಿಬಿಡ್ತದ. ಎದಿ ಕೆಳಗ ಕಲ್ಲು ಇಟ್ಟಂಗ ಆಗ್ತದ, ತಾಸುಗಟ್ಲೆ ತೇಗು. ಎಂಡೋಸ್ಕೋಪಿ ಮಾಡಿ ಏನೂ ಇಲ್ಲ ಅಂದ್ರು. ಸಕ್ರಿ, ಸೋನೋಗ್ರಫಿ ಎಲ್ಲಾ ನಾರ್ಮಲ್ ಅದ. ಎಂಟು ತಿಂಗಳಿಂದ ದಿನಾ ಮುಂಜಾನೆ ಪ್ಯಾಂಟೊಪ್ರಜೋಲ್-ಡಾಂಪೆರಿಡೋನ್ ಕ್ಯಾಪ್ಸೂಲ್ ನುಂಗಲಿಕತ್ತೀನಿ. ಈಗ ದವಾಖಾನಿಯವರು ಹೊಸ ಔಷಧದ ಪ್ರಯೋಗ ಅದ, ಸೇರ್ತೀರೇನು ಅಂತ ಕೇಳ್ಯಾರ. ಅರ್ಧ ಮಂದಿಗಿ ಖರೇ ಗುಳಿಗಿ, ಅರ್ಧ ಮಂದಿಗಿ ಔಷಧ ಇಲ್ಲದ ಗುಳಿಗಿ ಅಂತ. ಮೊದಲು ತತ್ತಿ ತಿನ್ನಿಸಿ ಹೊಟ್ಟಿ ಫೋಟೋ ತೆಗೀತಾರಂತ. ನಮ್ಮ ಮನ್ಯಾಗ ತತ್ತಿ ಮುಟ್ಟಂಗಿಲ್ಲ. 'ನಿನ್ನ ಮ್ಯಾಲೇ ಯಾಕ ಪ್ರಯೋಗ' ಅಂತ ಅವ್ವ ಅಳಲಿಕತ್ಯಾಳ. ಏನ್ ಮಾಡ್ಲಿ?

ವೈದ್ಯರ ಉತ್ತರ:
ನಮಸ್ಕಾರ್ರಿ. ಹೊಟ್ಟೆ ರೋಗಗಳ ಔಷಧ ಪ್ರಯೋಗಗಳಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮನ್ನು ಕರೆದ ಪ್ರಯೋಗಕ್ಕೂ ನನಗೂ ಸಂಬಂಧ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

'ಏನೂ ಇಲ್ಲ' ಅಂದಿದ್ದಕ್ಕೆ ನಿಮ್ಮ ಸಂಕಟ ಸುಳ್ಳು ಅಂತ ಅರ್ಥ ಅಲ್ಲ. ಹುಣ್ಣಿಲ್ಲ, ಗಡ್ಡೆ ಇಲ್ಲ, ಅಷ್ಟೇ. ನಿಮ್ಮ ಮಿಲ್ಲಿನ ಗೋಡೆ ಗಟ್ಟಿ ಇದೆ ಅಂತ ಎಂಡೋಸ್ಕೋಪಿ ಹೇಳುತ್ತದೆ, ಮಷಿನ್ ಸರಿಯಾಗಿ ತಿರುಗುತ್ತಿದೆಯೋ ಇಲ್ಲವೋ ಅದಕ್ಕೆ ಕಾಣದು. ಉಣ್ಣುವಾಗ ಜಠರದ ಮೇಲ್ಭಾಗ ಸಡಿಲಾಗಿ ಜಾಗ ಮಾಡಿಕೊಡಬೇಕು, ಕೆಳಭಾಗ ಅರೆದು ಮುಂದೆ ನೂಕಬೇಕು. ಮೇಲ್ಭಾಗ ಬಿಗಿದೇ ಇದ್ದರೆ ಅರ್ಧ ರೊಟ್ಟಿಗೇ ಸಾಕೆನಿಸುತ್ತದೆ. ಕೆಳಭಾಗ ನಿಧಾನವಾದರೆ ಊಟ ಅಲ್ಲೇ ಕೂತಂತೆ ಅನಿಸುತ್ತದೆ. ಕೆಲವರಲ್ಲಿ ಎರಡೂ ಸರಿ ಇದ್ದು, ನರಗಳೇ ಸಣ್ಣದ್ದನ್ನೂ ದೊಡ್ಡದು ಮಾಡಿ ಹೇಳುತ್ತವೆ. ಇದಕ್ಕೆ ಫಂಕ್ಷನಲ್ ಡಿಸ್ಪೆಪ್ಸಿಯಾ ಅನ್ನುತ್ತೇವೆ. ತೊಂದರೆ ಆರು ತಿಂಗಳ ಹಿಂದೆಯೇ ಶುರುವಾಗಿ, ಕಳೆದ ಮೂರು ತಿಂಗಳೂ ಇದ್ದರೆ ಆ ಹೆಸರು ಕೊಡುತ್ತೇವೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಪರೀಕ್ಷೆ ಆಗಿದೆಯೋ ಕೇಳಿ. ಆ ಕ್ರಿಮಿ ಇದ್ದರೆ ಮೊದಲು ಅದಕ್ಕೆ ಔಷಧ.

ಇನ್ನು ತತ್ತಿ ವಿಷಯ. ಅದು ಜಠರ ಎಷ್ಟು ಬೇಗ ಖಾಲಿಯಾಗುತ್ತದೆ ಅಂತ ನೋಡುವ ಪರೀಕ್ಷೆ. ತತ್ತಿಯ ಬಿಳಿ ಭಾಗಕ್ಕೆ ಟೆಕ್ನೀಷಿಯಂ ಅನ್ನುವ ವಿಕಿರಣ ವಸ್ತು ಬಹಳ ಕಡಿಮೆ ಪ್ರಮಾಣದಲ್ಲಿ ಬೆರೆಸಿ, ಬ್ರೆಡ್, ಜಾಮ್ ಜೊತೆ ಕೊಡುತ್ತಾರೆ. ತಿಂದ ಕೂಡಲೇ ಒಂದು ಚಿತ್ರ, ಆಮೇಲೆ ಒಂದು, ಎರಡು, ನಾಲ್ಕನೇ ತಾಸಿಗೆ. ನಾಲ್ಕು ತಾಸಾದ ಮೇಲೂ ನೂರಕ್ಕೆ 10ಕ್ಕಿಂತ ಹೆಚ್ಚು ಉಳಿದಿದ್ದರೆ ಜಠರ ನಿಧಾನ ಅಂತ ಲೆಕ್ಕ. ಈ 10ರ ಗೆರೆ ಆ ತತ್ತಿ ಊಟಕ್ಕೆ ಹಾಕಿದ ಗೆರೆ. ಅದರ ಬದಲು ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು ಕೂತರೆ ಅದೇ ಗೆರೆ ನಡೆಯುವುದಿಲ್ಲ, ಎಣ್ಣೆ ಮತ್ತು ನಾರು ಜಠರವನ್ನು ತಡೆಯುತ್ತವೆ. ನಮ್ಮ ದೇಶದಲ್ಲಿ ಇಡ್ಲಿ ಕೊಟ್ಟೂ ಈ ಪರೀಕ್ಷೆ ಮಾಡಿದ್ದಾರೆ. ಹಾಗಾಗಿ ಸಂಕೋಚ ಪಡದೆ ಕೇಳಿ: 'ನಾನು ತತ್ತಿ ತಿನ್ನಂಗಿಲ್ಲ, ಬೇರೆ ಊಟಕ್ಕ ನಿಮ್ಮ ಕಡೆ ಲೆಕ್ಕ ಅದನ?' ಹೊಟ್ಟೆ ಕೆಟ್ಟಿದೆ ಅಂತ ಮನೆತನದ ನೇಮ ಮುರಿಯಬೇಕಿಲ್ಲ. ವಿಕಿರಣಕ್ಕೂ ಹೆದರಬೇಡಿ, ಟೆಕ್ನೀಷಿಯಂ ಆರು ತಾಸಿಗೆ ಅರ್ಧವಾಗುತ್ತದೆ.

ಇನ್ನೊಬ್ಬರ ಪ್ರಶ್ನೆ (ಬೀದರ್‌ನಿಂದ):
ಸರ್, ನಮ್ಮ ಮಾವಾರು ಇಟೋಪ್ರೈಡ್ ತೊಗೊಂಡು ಆರಾಮ ಆಗ್ಯಾರ. ಇರೋ ಗುಳಿಗಿ ಕೊಟ್ರ ಮುಗೀತು, ಔಷಧ ಇಲ್ಲದ ಗುಳಿಗಿ ಕೊಡೋದು ಮೋಸ ಅಲ್ಲೇನ್ರಿ?

ವೈದ್ಯರ ಉತ್ತರ:
ಒಳ್ಳೇದು ಕೇಳಿದ್ರಿ. ಇಟೋಪ್ರೈಡ್ ಅಂದರೆ ಜಠರವನ್ನು ನಡೆಸುವ ಗುಳಿಗೆ. ಅದರದೇ ಕಥೆ ಕೇಳಿ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಟು ವಾರ ಅದನ್ನು ತೊಗೊಂಡವರಲ್ಲಿ ಪ್ರಮಾಣದ ಮೇಲೆ ನೂರಕ್ಕೆ 57ರಿಂದ 64 ಮಂದಿಗೆ ಚೆನ್ನಾಗಿ ಗುಣ ಕಂಡಿತ್ತು. ಖಾಲಿ ಗುಳಿಗೆ ನುಂಗಿದವರಲ್ಲಿ 41 ಮಂದಿಗೆ! ಎಲ್ಲರೂ ಖುಷಿಪಟ್ಟೆವು. ಆದರೆ 2008ರಲ್ಲಿ ಇನ್ನೂ ಎರಡು ಪ್ರಯೋಗಗಳ ಫಲ ಬಂದಾಗ ಇಟೋಪ್ರೈಡ್‌ಗೂ ಖಾಲಿ ಗುಳಿಗೆಗೂ ವ್ಯತ್ಯಾಸವೇ ಕಾಣಲಿಲ್ಲ. ಖಾಲಿ ಗುಳಿಗೆಯ ಗುಂಪು ಇರದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಈ ರೋಗ ಏರುತ್ತದೆ, ಇಳಿಯುತ್ತದೆ. ಹೆಚ್ಚಾದಾಗಲೇ ಡಾಕ್ಟರ ಕಡೆ ಬರುತ್ತೇವೆ, ಆಮೇಲೆ ತಾನೇ ಇಳಿದರೂ ಗುಳಿಗೆಗೆ ಹೆಸರು ಬರುತ್ತದೆ. ನಿಮ್ಮ ಮಾವನವರು ಆರಾಮಾಗಿದ್ದು ಖರೇ, ಅದರ ಬಗ್ಗೆ ನನಗೆ ಸಂತೋಷವಿದೆ. ಅವರನ್ನು ಆರಾಮ ಮಾಡಿದ್ದು ಯಾವುದು ಅನ್ನೋದು ಒಬ್ಬರನ್ನು ನೋಡಿ ಹೇಳಲಾಗದು. 'ಖಾಲಿ ಗುಳಿಗೆ ಬರಬಹುದು' ಅಂತ ಮೊದಲೇ ಹೇಳಿ ಸಹಿ ತೊಗೊಂಡರೆ ಅದು ಮೋಸ ಅಲ್ಲ. ಮುಚ್ಚಿಟ್ಟರೆ ಖಂಡಿತ ಮೋಸ.

ಜಠರ ಬೇಗ ಖಾಲಿಯಾದರೆ ಸಂಕಟವೂ ಹೋಯಿತು ಅಂತಲೂ ತಿಳಿಯಬೇಡಿ. ಚಿತ್ರದಲ್ಲಿ ವೇಗ ಹೆಚ್ಚಿದ್ದರೂ ರೋಗಿ 'ಭಾರ ಹಂಗೇ ಅದ' ಅಂದದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆದ್ದರಿಂದ ಒಳ್ಳೆಯ ಪ್ರಯೋಗದಲ್ಲಿ, ಸಂಕಟ ಹೆಂಗಿತ್ತು ಅಂತ ನೀವು ದಿನಾ ಬರೆದಿಡುವ ದಿನಚರಿಗೇ ಹೆಚ್ಚು ಬೆಲೆ. ಹಿಂದೆ ಬಂದಿದ್ದ ಸಿಸಪ್ರೈಡ್ ಅನ್ನುವ ಔಷಧ ಜಠರವನ್ನು ಚೆನ್ನಾಗಿ ನಡೆಸುತ್ತಿತ್ತು, ಆದರೆ ಕೆಲವರ ಹೃದಯದ ಬಡಿತ ಅಪಾಯಕ್ಕೆ ಹೋಯಿತು. ಅಮೆರಿಕದಲ್ಲಿ 2000ದಲ್ಲೇ ಅದನ್ನು ಮಾರುಕಟ್ಟೆಯಿಂದ ತೆಗೆದರು. ಡಾಂಪೆರಿಡೋನ್‌ಗೂ ಹೃದಯದ ಎಚ್ಚರಿಕೆ ಇದೆ, ಯುರೋಪಿನಲ್ಲಿ 2014ರಿಂದ ಸಾಮಾನ್ಯವಾಗಿ ಒಂದು ವಾರ ಮೀರಿಸಬೇಡಿ ಅನ್ನುತ್ತಾರೆ. ಕಲಬುರಗಿಯವರೇ, ಎಂಟು ತಿಂಗಳು ಬಹಳ ಆಯ್ತು. ಮುಂದಿನ ಭೇಟಿಯಲ್ಲಿ ಇದನ್ನೇ ಮೊದಲು ಕೇಳಿ, ಇಸಿಜಿ ಬೇಕೇನು ಅಂತಲೂ ಕೇಳಿ.

ಪ್ರಶ್ನೆ (ಯಾದಗಿರಿಯಿಂದ):
ಸರ್, ನಮ್ಮ ಅವ್ವಗೂ ಇದೇ ಥರ ಅದ. ವಯಸ್ಸು 58. ಎರಡು ತಿಂಗಳಿನಾಗ ಭಾಳ ಸೊರಗ್ಯಾಳ, ಸಂಡಾಸ ಕರ್ರಗ ಆಗ್ತದ. ಆಕಿನ್ನೂ ಪ್ರಯೋಗಕ್ಕ ಸೇರಿಸಬಹುದೇನ್ರಿ?

ವೈದ್ಯರ ಉತ್ತರ:
ಬೇಡ್ರಿ! ನಾಳೆ ಅನ್ನದೆ ಇವತ್ತೇ ದವಾಖಾನೆಗೆ ಕರಕೊಂಡು ಹೋಗ್ರಿ. ಕಬ್ಬಿಣದ ಗುಳಿಗೆ ತೊಗೊಂಡರೂ ಕಪ್ಪಾಗುತ್ತದೆ, ಆದರೆ ಸೊರಗಿದ್ದಾರೆ ಅಂತೀರಿ. ಒಳಗೆ ರಕ್ತ ಸೋರುತ್ತಿರಬಹುದು, ಎಂಡೋಸ್ಕೋಪಿ ಬೇಕು. ನುಂಗಲು ತ್ರಾಸು, ರಕ್ತ ವಾಂತಿ, ರಕ್ತ ಕಡಿಮೆಯಾಗುವುದು, ಇವಿದ್ದರೂ ಹಾಗೆಯೇ. ಏನಾಯ್ತು ಅಂತ ಇಲ್ಲೇ ಬರೀರಿ.

ಮೊದಲು ಕೇಳಿದವರು:
ಧನ್ಯವಾದ್ರಿ ಸಾಹೇಬ್ರೆ. ಸಹಿ ಮಾಡೂ ಮುಂದ ಏನು ನೋಡ್ಬೇಕು? ನಡುವೆ ಶರಣಬಸವೇಶ್ವರ ಜಾತ್ರಿ ಬರ್ತದ, ಮಿರ್ಚಿ ಭಜಿ ಬಿಡ್ಬೇಕೇನು?

ವೈದ್ಯರ ಉತ್ತರ:
ಒಪ್ಪಿಗೆ ಪತ್ರ ಕನ್ನಡದಲ್ಲೇ ಕೊಡಿ ಅನ್ನಿ. ಮನೆಗೆ ತಂದು ಓದಿ, ಅವ್ವನನ್ನೂ ಕೂರಿಸಿಕೊಂಡು ಓದಿ. ಪ್ರಯೋಗದ ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, 2009ರಿಂದ ನೋಂದಣಿ ಕಡ್ಡಾಯ. ಪ್ರಯೋಗಕ್ಕೆ ಸೇರುವವರ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿದೆಯೋ ನೋಡಿ. ಆ ಕಮಿಟಿಯಲ್ಲಿ ವೈದ್ಯರಷ್ಟೇ ಅಲ್ಲ, ಕಾನೂನು ಬಲ್ಲವರು, ಸಾಮಾನ್ಯ ಜನರೂ ಇರಬೇಕು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮ ಹೇಳುತ್ತದೆ. ನಡುವೆ ಬಿಟ್ಟು ಬರುವ ಹಕ್ಕೂ ನಿಮ್ಮದೇ, ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಒಂದನ್ನಾದರೂ ಹೇಳಲು ಹಿಂದೆಮುಂದೆ ನೋಡಿದರೆ ಸಹಿ ಹಾಕಬೇಡಿ.

ಈಗಿನ ಕ್ಯಾಪ್ಸೂಲ್ ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳಲಿ. ಸೇರಿದ ಮೇಲೆ ಮೆಡಿಕಲ್ ಅಂಗಡಿಯ ಗ್ಯಾಸ್ ಗುಳಿಗೆ ಕದ್ದು ನುಂಗಬೇಡಿ, ಸಹಿಸಲಾಗದಿದ್ದರೆ ಫೋನ್ ಮಾಡಿ ಹೇಳಿ. ಗುಟ್ಕಾ ಹಾಕುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಜಾತ್ರೆಗೆ ಹೋಗ್ರಿ, ತೇರು ಎಳೀರಿ. ಮಿರ್ಚಿ ತಿಂದರೆ ಎಷ್ಟು ತಿಂದಿರಿ, ರಾತ್ರಿ ಹೊಟ್ಟೆ ಹೆಂಗಿತ್ತು, ದಿನಚರಿಯಲ್ಲಿ ಖರೇ ಬರೀರಿ.