ಮೆಂಟರ್ ಇದ್ದಾರೆ, ಆದರೆ ರಿಜಿಸ್ಟರ್‌ನಲ್ಲಿ ಮಾತ್ರ. ಹೊಸ ಅಧ್ಯಾಪಕರು ಏನು ಮಾಡಬೇಕು?

ಪ್ರಶ್ನೆ: ಅರ್ಥಶಾಸ್ತ್ರ ಸಹಾಯಕ ಪ್ರಾಧ್ಯಾಪಕಿ, ಚಿತ್ರದುರ್ಗ

ನಮಸ್ಕಾರ ಸರ್. ಪದವಿ ಕಾಲೇಜಿಗೆ ಸೇರಿ ಇನ್ನೂ ವರ್ಷ ತುಂಬಿಲ್ಲ. ನಮ್ಮ ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಅವರನ್ನೇ ನನಗೆ ಮೆಂಟರ್, ಅಂದರೆ ಮಾರ್ಗದರ್ಶಕರು, ಅಂತ ಹಾಕಿದ್ದಾರೆ. ತಿಂಗಳಿಗೊಮ್ಮೆ ಇಬ್ಬರೂ ರಿಜಿಸ್ಟರ್‌ಗೆ ಸಹಿ ಹಾಕುತ್ತೇವೆ, ಅಷ್ಟೇ. ಅವರು ಒಳ್ಳೆಯವರೇ. ಆದರೆ ಪರೀಕ್ಷೆ, ಸ್ಕಾಲರ್‌ಶಿಪ್, ನ್ಯಾಕ್ (ಕಾಲೇಜಿನ ಗುಣಮಟ್ಟದ ಮೌಲ್ಯಾಂಕನ) ಅಂತ ಅವರಿಗೆ ಪುರುಸೊತ್ತೇ ಇಲ್ಲ. ಪ್ರೊಬೇಷನ್ ಮುಗಿಯುವಾಗ ಅವರ ಮಾತೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕ್ಲಾಸು ಹಿಡಿತಕ್ಕೆ ಸಿಗುತ್ತಿಲ್ಲ ಅಂತ ಅವರ ಹತ್ತಿರ ಹೇಳಿಕೊಳ್ಳಲು ಭಯ. ಈ ನಡುವೆ ವಾಟ್ಸಾಪ್‌ನಲ್ಲಿ ದಿನಾ ಎಫ್‌ಡಿಪಿ (ಅಧ್ಯಾಪಕರ ತರಬೇತಿ ಕಾರ್ಯಕ್ರಮ) ಲಿಂಕುಗಳು ಬರುತ್ತಲೇ ಇವೆ. ಯಾವುದಕ್ಕೆ ಸೇರಲಿ?

ಉತ್ತರ: ನಿವೃತ್ತ ಪ್ರಾಧ್ಯಾಪಕ, ದಾವಣಗೆರೆ

ಮೇಡಂ, ಬಡ್ತಿಗೆ ಬೇಕಾದ ಸರ್ಟಿಫಿಕೇಟ್ ಬೇರೆ, ಪಾಠ ಮಾಡಲು ಕಲಿಯುವುದು ಬೇರೆ. ಸರ್ಟಿಫಿಕೇಟ್ ವಿಚಾರ ಸಲೀಸು, ಅದನ್ನು ಮೊದಲು ಮುಗಿಸಿಬಿಡುತ್ತೇನೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರು ವೇತನ ಶ್ರೇಣಿಯ ಲೆವೆಲ್ 10ರಿಂದ 11ಕ್ಕೆ ಹೋಗಲು ಪಿಎಚ್‌ಡಿ ಇದ್ದವರಿಗೆ 4 ವರ್ಷ, ಎಂಫಿಲ್‌ಗೆ 5, ಎರಡೂ ಇಲ್ಲದವರಿಗೆ 6 ವರ್ಷ ಸೇವೆ ಆಗಿರಬೇಕು. ಬೋಧನಾ ವಿಧಾನದ ಮೇಲೆ 21 ದಿನದ ಓರಿಯಂಟೇಶನ್ ಒಂದು ಬೇಕು. ಅದರ ಜೊತೆ ರಿಫ್ರೆಶರ್ (ವಿಷಯದ ಪುನರ್‌ಮನನ ಕೋರ್ಸ್), ಕನಿಷ್ಠ ಒಂದು ವಾರದ ಎಫ್‌ಡಿಪಿ, ಇಲ್ಲವೇ ಸರ್ಟಿಫಿಕೇಟ್ ಪಡೆದ ಮೂಕ್ (ಎಲ್ಲರಿಗೂ ತೆರೆದ ಆನ್‌ಲೈನ್) ಕೋರ್ಸ್, ಇಂಥವುಗಳಲ್ಲಿ ಯಾವುದಾದರೂ ಒಂದು. ಇಪ್ಪತ್ತು ಎಫ್‌ಡಿಪಿ ಮಾಡಿದವರಿಗೂ ಸಿಗುವುದು ಅದೇ ಲೆವೆಲ್ 11.

ನೀವು ಮೊದಲು ಹಾಕಬೇಕಾದ್ದು ಒಂದು ತಿಂಗಳ ಫ್ಯಾಕಲ್ಟಿ ಇಂಡಕ್ಷನ್ ಪ್ರೋಗ್ರಾಂಗೆ. ಗುರು ದಕ್ಷತಾ ಅನ್ನುವುದೂ ಇದನ್ನೇ. ಹಳೆಯ ಓರಿಯಂಟೇಶನ್ ಜಾಗಕ್ಕೆ ಈಗ ಇದೇ ಬಂದಿದೆ. ಹಿರಿಯ ಮೇಷ್ಟ್ರುಗಳು 'ಸ್ಟಾಫ್ ಕಾಲೇಜು' ಅನ್ನುತ್ತಾರಲ್ಲ, 1986ರ ಶಿಕ್ಷಣ ನೀತಿಯ ನಂತರ ಶುರುವಾದವು, ಅವೇ ಆಮೇಲೆ ಎಚ್‌ಆರ್‌ಡಿಸಿ (ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ) ಆಗಿ, 2023ರಿಂದ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳಾಗಿವೆ. ಮೈಸೂರು ಮತ್ತು ಬೆಂಗಳೂರು ವಿವಿಗಳಲ್ಲಿ ಇವೆ. ಎಷ್ಟೋ ಕೋರ್ಸುಗಳು ಆನ್‌ಲೈನ್‌ನಲ್ಲೇ ನಡೆಯುತ್ತವೆ. ಓಓಡಿ (ಅನ್ಯ ಕಾರ್ಯ ನಿಮಿತ್ತ) ಆರ್ಡರ್ ಕೈಗೆ ಬಂದ ಮೇಲೆಯೇ ಸೇರಿ. ಆರ್ಡರ್, ಹಾಜರಾತಿ, ಸರ್ಟಿಫಿಕೇಟ್ ಮೂರೂ ಒಂದೇ ಫೈಲಿನಲ್ಲಿರಲಿ. ಗೂಗಲ್ ಫಾರ್ಮ್ ತುಂಬಿದ ಕೂಡಲೇ ಸರ್ಟಿಫಿಕೇಟ್ ಕಳಿಸುವ ಎಫ್‌ಡಿಪಿಗಳನ್ನು ಸುಮ್ನೆ ಡಿಲೀಟ್ ಮಾಡಿ.

ಈಗ ಮೆಂಟರ್ ವಿಚಾರಕ್ಕೆ ಬರೋಣ. ನಿಮ್ಮ ಬಗ್ಗೆ ವರದಿ ಕೊಡುವವರನ್ನೇ ಮೆಂಟರ್ ಮಾಡುವುದು ನಮ್ಮ ಕಾಲೇಜುಗಳ ಹಳೇ ಚಾಳಿ. ಎದುರಿಗೆ ಕೂತವರು ನಾಳೆ ಸಹಿ ಹಾಕಬೇಕಾದವರು ಅಂತ ಗೊತ್ತಿದ್ದರೆ ಯಾರು ತಾನೇ ಕಷ್ಟ ಹೇಳಿಕೊಳ್ಳುತ್ತಾರೆ? ರಿಜಿಸ್ಟರ್ ಅದರ ಪಾಡಿಗೆ ನಡೆಯಲಿ, ಎಚ್‌ಓಡಿ ಅವರ ಮೇಲೆ ದೂರು ಒಯ್ಯಬೇಡಿ. ನಿಜವಾದ ಮೆಂಟರನ್ನು ನೀವೇ ಹುಡುಕಿಕೊಳ್ಳಿ, ಬೇರೆ ವಿಭಾಗದವರಾದರೂ ಆಗುತ್ತದೆ. ಹುಡುಕಲು ಒಳ್ಳೆಯ ಜಾಗ ಉತ್ತರ ಪತ್ರಿಕೆಗಳ ಮೌಲ್ಯಮಾಪನ ಕೇಂದ್ರ. ಹಿರಿಯೂರು, ಹರಿಹರ, ಜಗಳೂರು ಕಡೆಯ ನಿಮ್ಮ ವಿಷಯದವರೆಲ್ಲ ಅಲ್ಲಿ ಒಂದೇ ಹಾಲ್‌ನಲ್ಲಿ ಸಿಗುತ್ತಾರೆ. ಒಂದೇ ಉತ್ತರಕ್ಕೆ ನೀವು 4 ಕೊಟ್ಟು ಪಕ್ಕದವರು 7 ಕೊಟ್ಟಿದ್ದರೆ ಯಾಕೆ ಅಂತ ಕೇಳಿ. ಯಾವ ವರ್ಕ್‌ಶಾಪಿನಲ್ಲೂ ಸಿಗದ ಪಾಠ ಅದು. ಯಾರು ಬೇಜಾರಿಲ್ಲದೆ ವಿವರಿಸುತ್ತಾರೋ ಅವರ ನಂಬರ್ ತೆಗೆದುಕೊಳ್ಳಿ.

ಅವರನ್ನು "ಮಾರ್ಗದರ್ಶನ ಮಾಡಿ ಸರ್" ಅಂತ ಕೇಳಬೇಡಿ. ಹಾಗೆ ಕೇಳಿದರೆ ಉಪದೇಶ ಸಿಗುತ್ತದೆ. "ಗುರುವಾರ ಎರಡನೇ ಪೀರಿಯಡ್ ನಿಮ್ಮ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂರಲಾ?" ಅಂತ ಕೇಳಿ. ಆಮೇಲೆ ನಿಮ್ಮ ಕ್ಲಾಸಿಗೆ ಅವರನ್ನು ಕರೆಯಿರಿ.

ಒಬ್ಬ ಹೊಸ ಮೇಷ್ಟ್ರ ಕ್ಲಾಸಿನಲ್ಲಿ ನಾನು ಹೀಗೇ ಕೂತಿದ್ದೆ. ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪಾಠ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವುದು. ಬೋರ್ಡಿನ ಮೇಲೆ ರೇಖಾಚಿತ್ರ ಚೆನ್ನಾಗಿತ್ತು. ಆದರೆ ಎರಡು ವಾಕ್ಯಕ್ಕೊಮ್ಮೆ "ಅರ್ಥ ಆಯ್ತಾ?" ಅನ್ನುತ್ತಿದ್ದರು. ಮುಂದಿನ ಬೆಂಚಿನ ಇಬ್ಬರು ತಲೆಯಾಡಿಸಿದರೆ ಸಾಕು, ಪಾಠ ಮುಂದಕ್ಕೆ ಹೋಗುತ್ತಿತ್ತು. ನನ್ನ ಪಕ್ಕದ ಹುಡುಗ ನೋಟ್ಸಿನಲ್ಲಿ ರೇಖೆಯನ್ನೇ ಉಲ್ಟಾ ಎಳೆದಿದ್ದ. ಬೋರ್ಡಿನ ಹತ್ತಿರ ನಿಂತವರಿಗೆ ಅದು ಕಾಣುವುದಿಲ್ಲ, ಅಲ್ವಾ? ಕ್ಲಾಸು ಮುಗಿದ ಮೇಲೆ ಹೇಳಿದ್ದು ಇಷ್ಟೇ: "ಅರ್ಥ ಆಯ್ತಾ ಅನ್ನುವುದನ್ನು ಬಿಡಿ. ಈರುಳ್ಳಿ ರೇಟು ಅರ್ಧಕ್ಕೆ ಇಳಿದರೆ ನಿಮ್ಮ ಮನೆಯಲ್ಲಿ ಎರಡು ಪಟ್ಟು ಈರುಳ್ಳಿ ತಿನ್ನುತ್ತೀರಾ ಅಂತ ಕೇಳಿ." ಚಳ್ಳಕೆರೆ ಕಡೆಯ ಹುಡುಗರಿಗೆ ಬೆಳೆ ಜಾಸ್ತಿ ಬಂದ ವರ್ಷ ಮನೆಯಲ್ಲಿ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತು. ಮುಂದಿನ ಕ್ಲಾಸಿನಲ್ಲಿ ಆ ಪ್ರಶ್ನೆ ಕೇಳಿದಾಗ, ರೇಟು ಯಾಕೆ ಅಷ್ಟು ಕುಸಿಯುತ್ತದೆ ಅನ್ನುವುದನ್ನು ಅವರೇ ಹೇಳಿದರು, ರೇಖೆ ಆಮೇಲೆ ಬಂತು.

ಪ್ರಶ್ನೆ ಕೇಳಿದವರು: ಸರ್, ಹೀಗೆ ಕೂತು ನೋಡಿದ್ದನ್ನು ಎಲ್ಲಿಯಾದರೂ ದಾಖಲೆ ಮಾಡಬೇಕಾ?

ಉತ್ತರ: ದಿನಾಂಕ, ತರಗತಿ, ಪಾಠದ ಹೆಸರು ಇಷ್ಟು ಬರೆದಿಟ್ಟರೆ ಸಾಕು. ಕುಂದುಕೊರತೆ ನಿಮ್ಮ ಸ್ವಂತ ನೋಟ್‌ಬುಕ್ಕಿನಲ್ಲಿರಲಿ. ಕಾಲೇಜಿನ ಕಡತಕ್ಕೆ ಹೋದ ದಿನದಿಂದ ಎಲ್ಲರ ಪಾಠವೂ 'ಅತ್ಯುತ್ತಮ' ಆಗಿಬಿಡುತ್ತದೆ!

ವಾಣಿಜ್ಯ ಅಧ್ಯಾಪಕ, ಹೊಳಲ್ಕೆರೆ: ದುಡ್ಡು ಕಟ್ಟಿದರೆ ವಾರದಲ್ಲಿ ಸಂಶೋಧನಾ ಲೇಖನ ಹಾಕುತ್ತೇವೆ ಅನ್ನುವ ಜರ್ನಲ್‌ಗಳು ನಡೆಯುತ್ತವಾ ಸರ್?

ಉತ್ತರ: ಬೇಡ. ಯುಜಿಸಿ-ಕೇರ್ ಅನ್ನುವ ಮಾನ್ಯ ಜರ್ನಲ್‌ಗಳ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದ್ದಾರೆ ನಿಜ. ಹಾಗಂತ ಎಲ್ಲವೂ ನಡೆಯುತ್ತದೆ ಅಂತಲ್ಲ. ಜರ್ನಲ್ ಸರಿಯಿದೆಯಾ ಅಂತ ನೋಡುವ ಹೊಣೆ ಈಗ ಸಂಸ್ಥೆಗಳ ಮೇಲಿದೆ. ವಾರದಲ್ಲಿ ಯಾರೂ ಲೇಖನ ಓದಿ ಪರಿಶೀಲಿಸುವುದಿಲ್ಲ.

ಎಂಜಿನಿಯರಿಂಗ್ ಕಾಲೇಜು, ದಾವಣಗೆರೆ: ನಮಗೂ ಇದೇ ನಿಯಮವಾ?

ಉತ್ತರ: ನಿಮಗೆ ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) ನಿಯಮ. ಹೊಸಬರಿಗೆ ಎನ್‌ಐಟಿಟಿಟಿ ಅನ್ನುವ ಶಿಕ್ಷಕರ ತರಬೇತಿಯ 8 ಮಾಡ್ಯೂಲ್‌ಗಳಿವೆ, ಮೊದಲು ಅವನ್ನು ಮುಗಿಸಿ. ಎಐಸಿಟಿಇ ನಡೆಸುವ ಅಟಲ್ ಎಫ್‌ಡಿಪಿ ಆಮೇಲೆ ನೋಡಿದರಾಯಿತು.

ಅತಿಥಿ ಉಪನ್ಯಾಸಕಿ, ದಾವಣಗೆರೆ: ನಮಗೆ ಓಓಡಿಯೂ ಇಲ್ಲ, ಬಡ್ತಿಯೂ ಇಲ್ಲ. ಇದೆಲ್ಲ ನಮಗೆ ಯಾಕೆ ಸರ್?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ ಅಮ್ಮ. ಪಾಠದ ಅರ್ಧ ಭಾರ ನಿಮ್ಮ ಮೇಲೆ ಹಾಕಿ, ತರಬೇತಿ ಅಂದಾಗ ಕಾಯಂ ನೌಕರರನ್ನಷ್ಟೇ ನೆನೆಯುವ ಕಾಲೇಜುಗಳನ್ನು ನಾನೂ ನೋಡಿದ್ದೇನೆ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ಪೋರ್ಟಲ್‌ನಲ್ಲಿ ಕೋರ್ಸಿಗೆ ಸೇರಲು ಯಾರ ಅನುಮತಿಯೂ ಬೇಡ, ಕಲಿಯುವುದು ಉಚಿತ. ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ. ಅಲ್ಲಿ ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ನಿಮ್ಮ ವಿಷಯದ್ದೇ ಒಂದನ್ನು ಆರಿಸಿಕೊಳ್ಳಿ, ನಾಳೆ ನೇಮಕಾತಿ ಪರೀಕ್ಷೆಗೂ ಓದಿದಂತಾಗುತ್ತದೆ. ಮೇಲೆ ಪ್ರಶ್ನೆ ಕೇಳಿದ ಮೇಡಂಗೂ ಒಂದು ಮಾತು: ಹತ್ತು ಹದಿನೈದು ವರ್ಷ ಪಾಠ ಮಾಡಿದ ಅತಿಥಿ ಉಪನ್ಯಾಸಕರು ನಿಮ್ಮ ಸ್ಟಾಫ್ ರೂಮಿನಲ್ಲೇ ಇರುತ್ತಾರೆ. ಹಿಂದಿನ ಬೆಂಚಲ್ಲಿ ಕೂರುವುದಿದ್ದರೆ ಮೊದಲು ಅವರ ಕ್ಲಾಸಿಗೇ ಹೋಗಿ.