ದಾವಣಗೆರೆಯಿಂದ ಆಗುಂಬೆ ಇಳಿದು ಹುಲಿಕಲ್ ಹತ್ತಿ ಒಂದೇ ದಿನದಲ್ಲಿ ಮರಳಬಹುದೇ?

ನಿಟ್ಟುವಳ್ಳಿ ಸವಾರ:
ಅಪ್ಪನಿಗೆ ಅರವತ್ತೊಂದು ವರ್ಷ. ಹತ್ತಿ ಗಿರಣಿಯಲ್ಲಿ ದುಡಿದವರು, ಘಟ್ಟದ ಕೆಳಗಿನ ಸೀಮೆಯನ್ನು ಒಮ್ಮೆಯೂ ನೋಡಿಲ್ಲ. ನನಗೆ ಸಿಗುವುದು ಭಾನುವಾರ ಒಂದೇ ರಜೆ. ಈ ನವೆಂಬರಿನಲ್ಲಿ ಅವರನ್ನು ನನ್ನ 125 ಸಿಸಿ ಬೈಕಿನ ಹಿಂದೆ ಕೂರಿಸಿಕೊಂಡು ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಆಗುಂಬೆ ಇಳಿದು, ಹೆಬ್ರಿ, ಸಿದ್ದಾಪುರ, ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತಿ ಹೊಸನಗರದ ಮೂಲಕ ಮರಳಬೇಕೆಂದಿದ್ದೇನೆ. ನಾನ್ನೂರು ಕಿಲೋಮೀಟರಿಗೂ ಹೆಚ್ಚಾಗುತ್ತದೆ. ಬೆಳಿಗ್ಗೆ ಐದಕ್ಕೆ ಹೊರಟರೆ ಆದೀತೇ? ಬಯಲುಸೀಮೆಯಲ್ಲೇ ಬೈಕ್ ಓಡಿಸಿದವನು ನಾನು, ಘಾಟಿ ಹೊಸದು.

ಹಳೆ ಗ್ಯಾರೇಜ್:
ತಮ್ಮಾ, ಮೂವತ್ತು ವರ್ಷ ದಾವಣಗೆರೆಯಲ್ಲೇ ಬೈಕ್ ರಿಪೇರಿ ಮಾಡಿದವನು ನಾನು. ಬರೆದದ್ದು ಉದ್ದವಾದರೂ ಪೂರ್ತಿ ಓದು.

ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಇಬ್ಬರ ಭಾರ ಹೊತ್ತು ಇಳಿಯುವಾಗ ಬ್ರೇಕನ್ನೇ ನಂಬಿದರೆ ಡ್ರಮ್ ಕಾಯುತ್ತದೆ, ಅದಕ್ಕೆ ಒಳಗಿನಿಂದ ಉಜ್ಜಿ ಚಕ್ರ ತಡೆಯುವ ಲೈನರ್ ಹಿಡಿತ ಬಿಡುತ್ತದೆ. ಆಮೇಲೆ ಎಷ್ಟು ಒತ್ತಿದರೂ ಗಾಡಿ ಜಾರಿಕೊಂಡೇ ಹೋಗುತ್ತದೆ. ಎರಡನೇ ಗಿಯರಿಗೆ ಹಾಕಿ ಆಕ್ಸಿಲೇಟರ್ ಬಿಡು, ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಬ್ರೇಕನ್ನು ಬಿಟ್ಟು ಬಿಟ್ಟು ಒತ್ತು. ಇಳಿಜಾರಿನಲ್ಲಿ ಕ್ಲಚ್ ಹಿಡಿದುಕೊಂಡೇ ಇರಬೇಡ. ಪೆಟ್ರೋಲ್ ಉಳಿಸಲು ಎಂಜಿನ್ ಆರಿಸಿ ಇಳಿಯುವವರನ್ನು ನೋಡಿ ನನ್ನ ಹೊಟ್ಟೆ ಉರಿದಿದೆ. ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು.

ಆದರೆ ನನಗೆ ಭಯವಿರುವುದು ಘಾಟಿಯದ್ದಲ್ಲ, ಕತ್ತಲಾದ ಮೇಲಿನ ನಮ್ಮ ಹೊನ್ನಾಳಿ ರಸ್ತೆಯದ್ದು. ನವೆಂಬರ್ ಎಂದರೆ ಮೆಕ್ಕೆಜೋಳದ ಕಾಲ. ಒಣಗಿಸಲು ಡಾಂಬರಿನ ಮೇಲೇ ಹರಡಿರುತ್ತಾರೆ, ಸಂಜೆ ರಾಶಿ ಮಾಡಿ ತಾಡಪಾಲು ಹೊದಿಸಿ, ಗಾಳಿಗೆ ಹಾರದಂತೆ ಸುತ್ತ ಕಲ್ಲಿಡುತ್ತಾರೆ. ಕಣಕ್ಕೆ ಜಾಗವಿಲ್ಲದ ರೈತರ ಕಷ್ಟವೂ ನನಗೆ ಗೊತ್ತು. ಹೀಗೆಯೇ ಒಂದು ದಿನ ಆಗುಂಬೆಯಿಂದ ಮರಳುತ್ತಿದ್ದೆ. ಘಾಟಿಯ ಮಂಜಿನಲ್ಲಿ ಬೀಳದವನು ಮನೆ ಇನ್ನು ಅರ್ಧ ಗಂಟೆ ಎನ್ನುವಾಗ ಅಂಥ ಕಲ್ಲಿಗೆ ಹತ್ತಿಸಿ ಬಿದ್ದೆ. ಎದುರಿನ ಲಾರಿಯ ಬೆಳಕಿಗೆ ಏನೂ ಕಂಡಿರಲಿಲ್ಲ, ಬೆಳಗಿನಿಂದ ಸವಾರಿ ಮಾಡಿ ಕಣ್ಣೂ ಸೋತಿದ್ದವು. ಹೆಗಲಿನ ಮೂಳೆ ಮುರಿಯಿತು. ಹಿಂದೆ ಯಾರೂ ಇರಲಿಲ್ಲವೆಂಬುದೇ ಪುಣ್ಯ.

ಆದ್ದರಿಂದ ಹತ್ತೂವರೆಗೆ ಹೆಬ್ರಿ ತಲುಪಿದರೆ ಮಾತ್ರ ಹುಲಿಕಲ್ ಕಡೆಗೆ ತಿರುಗು. ತಡವಾದರೆ ಅಲ್ಲೇ ಊಟ ಮುಗಿಸಿ ಆಗುಂಬೆಯನ್ನೇ ಹತ್ತಿ ಬಾ. ಆಗುಂಬೆಯ ಸೂರ್ಯಾಸ್ತ ನೋಡುವ ಆಸೆಯಿದ್ದರೆ ಈ ಸಲ ಬಿಡು. ಅದನ್ನು ನೋಡಿದರೆ ನೂರೆಂಬತ್ತು ಕಿಲೋಮೀಟರ್ ಕತ್ತಲಲ್ಲೇ ಬರಬೇಕು.

ಕೋಟೆನಾಡು:
ನಾನು ಚಿತ್ರದುರ್ಗದಿಂದ ಹೊಳಲ್ಕೆರೆ, ಚನ್ನಗಿರಿ ಮೇಲೆ ಅಮ್ಮನನ್ನು ಸ್ಕೂಟರಿನಲ್ಲಿ ಆಗುಂಬೆಗೆ ಕರೆದುಕೊಂಡು ಹೋಗಿದ್ದೆ. ಹಿರಿಯರು ತಾವಾಗಿ ‘ನಿಲ್ಲಿಸು’ ಎನ್ನುವುದಿಲ್ಲ, ಗಂಟೆಗೊಮ್ಮೆ ನೀವೇ ನಿಲ್ಲಿಸಿ. ತಿರುವಿನಲ್ಲಿ ನಿಮ್ಮ ಮೈ ವಾಲಿದ ಕಡೆಗೇ ವಾಲಬೇಕೆಂದು ತಂದೆಯವರಿಗೆ ಮನೆಯಲ್ಲೇ ಹೇಳಿಕೊಡಿ. ನನ್ನಮ್ಮ ಹೆದರಿ ಎದುರು ಬದಿಗೆ ಬಾಗುತ್ತಿದ್ದರು, ಮೊದಲ ಎರಡು ತಿರುವುಗಳಲ್ಲಿ ಗಾಡಿ ನನ್ನ ಮಾತು ಕೇಳಲೇ ಇಲ್ಲ.

ಆಗುಂಬೆಯಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ. ದೊಡ್ಡ ಬಸ್ಸು, ಲಾರಿಗಳೆಲ್ಲ ಹುಲಿಕಲ್‌ನಲ್ಲಿ ಎದುರಾಗುತ್ತವೆ, ಪ್ರತಿ ತಿರುವಿಗೂ ಹಾರ್ನ್ ಮಾಡಿ. ನನ್ನನ್ನು ಕೇಳಿದರೆ ಹುಲಿಕಲ್ ಬೇಡ. ಆ ಹೊತ್ತನ್ನು ದಾರಿಯಲ್ಲೇ ಸಿಗುವ ಸಕ್ರೆಬೈಲಿನ ಆನೆ ಬಿಡಾರಕ್ಕೆ ಕೊಡಿ. ಬೆಳಿಗ್ಗೆ ತುಂಗೆಯ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದನ್ನು ನನ್ನಮ್ಮ ಇಂದಿಗೂ ನೆಂಟರಿಗೆಲ್ಲ ಹೇಳುತ್ತಾರೆ.

ನಿಟ್ಟುವಳ್ಳಿ ಸವಾರ:
ಇಬ್ಬರಿಗೂ ವಂದನೆಗಳು. ಮೆಕ್ಕೆಜೋಳದ ರಾಶಿ ಹಗಲೆಲ್ಲ ಕಣ್ಣೆದುರೇ ಇದ್ದರೂ ರಾತ್ರಿಯ ಯೋಚನೆ ನನಗೆ ಹೊಳೆದಿರಲಿಲ್ಲ. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ‘ಆನೆ ನೋಡೋಣ, ಒಂದು ಘಾಟಿ ಸಾಕು’ ಎಂದರು. ಹುಲಿಕಲ್ ಕೈಬಿಟ್ಟಿದ್ದೇನೆ. ಮಧ್ಯಾಹ್ನ ಎರಡಕ್ಕೆ ತೀರ್ಥಹಳ್ಳಿ ಬಿಟ್ಟು, ಬೆಳಕಿರುವಾಗಲೇ ಊರು ಸೇರುತ್ತೇವೆ. ಗ್ಯಾರೇಜ್ ಅಣ್ಣ, ನನ್ನ ಹಿಂದಿನ ಬ್ರೇಕ್ ಹದಿನೆಂಟು ಸಾವಿರ ಕಿಲೋಮೀಟರಿನಿಂದ ಬಿಚ್ಚಿಲ್ಲ. ಲೈನರ್ ಈಗಲೇ ಬದಲಿಸಲೇ?

ಹಳೆ ಗ್ಯಾರೇಜ್:
ಬದಲಿಸು. ಹೊರಡುವ ಹಿಂದಿನ ದಿನ ಬೇಡ, ಒಂದು ವಾರ ಮೊದಲೇ ಹಾಕಿಸಿ ಊರೊಳಗೆ ಓಡಿಸು. ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳಲು ಸ್ವಲ್ಪ ಓಟ ಬೇಕು.