ವಯಸ್ಸಾದ ಗಿಳಿಯೊಂದು ಮನೆಗೆ ಬರುತ್ತಿದೆ, ಏನೇನು ಸಿದ್ಧ ಮಾಡಿಕೊಳ್ಳಬೇಕು?

ಹೊಸಗೂಡು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಮನೆಗೆ ಒಂದು ಆಫ್ರಿಕನ್ ಗ್ರೇ ಗಿಳಿ ಬರುತ್ತಿದೆ. ಹೆಸರು ಚುಕ್ಕಿ, ವಯಸ್ಸು 28. ಮರಿಯಾಗಿದ್ದಾಗಿನಿಂದ ಒಬ್ಬ ಹಿರಿಯರೇ ಸಾಕಿದ್ದಾರೆ. ಅವರಿಗೆ ಈಗ ಆರೋಗ್ಯ ಸರಿಯಿಲ್ಲ. ಮಗಳ ಜೊತೆ ಇರಲು ಹೋಗುತ್ತಿದ್ದಾರೆ, ಅಲ್ಲಿ ಹಕ್ಕಿ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ನಾವು ಕರೆದುಕೊಂಡು ಬರುತ್ತಿದ್ದೇವೆ.

ಹೋಗಿ ನೋಡಿಕೊಂಡು ಬಂದೆವು. ಪಂಜರ ಎತ್ತರವಾಗಿದೆ, ಅಗಲ ತೀರಾ ಕಡಿಮೆ. ಕೂರಲು ನುಣ್ಣಗಿನ ದುಂಡು ಕೋಲು ಒಂದೇ. ಚುಕ್ಕಿ ಯಾವಾಗಲೂ ಬಲಗಾಲಿನ ಮೇಲೆ ಭಾರ ಹಾಕಿ ಕೂರುತ್ತಾಳೆ, ಎಡಗಾಲಿನ ಹಿಡಿತ ಸಡಿಲ. ಎದೆಯ ಪುಕ್ಕ ಕಿತ್ತುಕೊಂಡು ಚರ್ಮ ಕಾಣುತ್ತದೆ. ಸೂರ್ಯಕಾಂತಿ ಬೀಜ ಬಿಟ್ಟರೆ ಬೇರೆ ಏನನ್ನೂ ಮುಟ್ಟುವುದಿಲ್ಲವಂತೆ. ಹಾರುವುದೂ ಇಲ್ಲ. ಆದರೆ ಮಾತು ಬಹಳ ಚೆನ್ನಾಗಿದೆ. ಆ ಹಿರಿಯರು ಕೆಮ್ಮುವ ಹಾಗೆಯೇ ಕೆಮ್ಮುತ್ತಾಳೆ, ಆಮೇಲೆ ಅವರ ಧ್ವನಿಯಲ್ಲೇ "ನೀರು ಕುಡಿ" ಅಂತಾಳೆ.

ನಾವು ದೊಡ್ಡ ಹೊಸ ಪಂಜರ ತಂದಿದ್ದೇವೆ. ಬಣ್ಣಬಣ್ಣದ ಆಟಿಕೆಗಳನ್ನು ತುಂಬ ಕಟ್ಟಿದ್ದೇವೆ. ಒಳ್ಳೆಯ ಪೆಲೆಟ್ (ಹಕ್ಕಿಗಳಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ) ಕೂಡ ತಂದಿಟ್ಟಿದ್ದೇವೆ. ಹಳೆಯ ಪಂಜರ ಅಲ್ಲೇ ಬಿಟ್ಟು ಬರೋಣ, ಮೊದಲ ದಿನದಿಂದಲೇ ಅವಳಿಗೆ ಎಲ್ಲ ಒಳ್ಳೆಯದು ಸಿಗಲಿ ಅಂತ ಆಸೆ. ಇದು ಸರಿನಾ? ನಮ್ಮ ಹಾಲ್‌ಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ. ಹಾಲ್‌ನಲ್ಲಿ ಆಗಲೇ ಒಂದು ಜೋಡಿ ಬಡ್ಜಿಗಳಿವೆ (ಸಣ್ಣ ಜಾತಿಯ ಗಿಳಿಗಳು). ಅಮ್ಮನಿಗೆ ದೂಳು ಆಗಿಬರುವುದಿಲ್ಲ, ಆಗಾಗ ಉಬ್ಬಸ ಬರುತ್ತದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇಗರಿ:

ಹಳೆಯ ಪಂಜರವನ್ನು ಬಿಟ್ಟು ಬರಬೇಡಿ. ಬೇರೆ ಎಲ್ಲಕ್ಕಿಂತ ಮೊದಲು ಇದು.

ನಾನು ಬಹಳ ವರ್ಷಗಳಿಂದ ವಯಸ್ಸಾದ ಗಿಳಿಗಳನ್ನೇ ಮನೆಗೆ ತಂದು ನೋಡಿಕೊಳ್ಳುತ್ತಿದ್ದೇನೆ. ಸಾಕಿದವರು ತೀರಿಕೊಂಡಿರುತ್ತಾರೆ, ಇಲ್ಲವೇ ನಿಮ್ಮ ಹಿರಿಯರ ಹಾಗೆ ಮನೆ ಬಿಡಬೇಕಾಗಿರುತ್ತದೆ. ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಚುಕ್ಕಿಯ ಕಡೆಯಿಂದ ಸ್ವಲ್ಪ ನೋಡಿ. ಒಂದೇ ದಿನದಲ್ಲಿ ಅವಳ ಮನುಷ್ಯ ಹೋಗುತ್ತಾನೆ, ಮನೆ ಹೋಗುತ್ತದೆ, ದಿನಾ ನೋಡುತ್ತಿದ್ದ ಕಿಟಕಿ ಹೋಗುತ್ತದೆ. ಅದರ ಜೊತೆಗೆ ಕೂರುವ ಕೋಲು, ಬಟ್ಟಲು, ಊಟವೂ ಹೋಗಿಬಿಟ್ಟರೆ ಗುರುತಿರುವುದು ಒಂದೂ ಉಳಿಯುವುದಿಲ್ಲ. ಗ್ರೇ ಗಿಳಿಗಳಿಗೆ ಹೊಸ ವಸ್ತುಗಳ ಭಯ ಜಾಸ್ತಿ. ಒಂದು ಹೊಸ ಆಟಿಕೆಗೆ ಹೆದರಿ, ಮೂಲೆ ಸೇರಿ, ಊಟ ಬಿಟ್ಟು ಕೂತ ಗಿಳಿಗಳನ್ನು ನಾನು ನೋಡಿದ್ದೇನೆ.

ಹಾಗಾಗಿ ಹಳೆಯ ಪಂಜರವನ್ನು ಇದ್ದ ಹಾಗೇ ತನ್ನಿ. ಬಟ್ಟಲು, ರಾತ್ರಿ ಹೊದಿಸುವ ಬಟ್ಟೆ, ಆ ದುಂಡು ಕೋಲು ಎಲ್ಲ ಬರಲಿ. ಹೊಸ ಪಂಜರವನ್ನು ಅದರ ಪಕ್ಕದಲ್ಲೇ, ಬಾಗಿಲಿಗೆ ಬಾಗಿಲು ಎದುರಾಗುವ ಹಾಗೆ ಇಡಿ. ಆಟಿಕೆಗಳನ್ನೆಲ್ಲ ಈಗಲೇ ತೆಗೆದುಬಿಡಿ. ಆಮೇಲೆ ಒಂದೊಂದೇ, ಮೊದಲು ಕೋಣೆಯ ಆ ತುದಿಯಲ್ಲಿ ಇಟ್ಟು, ನಿಧಾನವಾಗಿ ಹತ್ತಿರ ತರಬಹುದು. ಯಾವಾಗ ದಾಟಬೇಕು ಅಂತ ಅವಳೇ ತೀರ್ಮಾನಿಸಲಿ. ಕೆಲವು ಗಿಳಿಗಳು ಎರಡು ದಿನಕ್ಕೆ ದಾಟುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು.

ಆ ಹಿರಿಯರ ಹತ್ತಿರ ಇನ್ನೊಂದು ಸಲ ಹೋಗಿ ಕೂತು ಮಾತಾಡಿ. ದೀಪ ಆರಿಸುವಾಗ ಏನು ಹೇಳುತ್ತಾರೆ, ಎಷ್ಟು ಗಂಟೆಗೆ ಮಲಗಿಸುತ್ತಾರೆ, ಯಾವ ಶಿಳ್ಳೆಗೆ ಉತ್ತರ ಕೊಡುತ್ತಾಳೆ, ಪೊರಕೆ ಕಂಡರೆ ಹೆದರುತ್ತಾಳಾ, ಟೋಪಿ ಕಂಡರೆ? ಎಲ್ಲ ಬರೆದುಕೊಳ್ಳಿ. ಆ ಮಾತುಗಳನ್ನೇ ನೀವೂ ಹೇಳಿ. ಹೆಸರು ಬದಲಿಸಬೇಡಿ. ಸಾಧ್ಯವಾದರೆ ಆಮೇಲೂ ಅವರು ಬಂದು ನೋಡಿ ಹೋಗಲಿ. ಅವರಿಗೂ ಅದು ಬೇಕಾಗಿರುತ್ತದೆ, ಅಲ್ವಾ?

ಈಗ ಕಾಲಿನ ವಿಷಯ. ನೀವು ಬರೆದಿದ್ದರಲ್ಲಿ ನನಗೆ ಜಾಸ್ತಿ ಚಿಂತೆಯಾಗಿದ್ದು ಅದೇ. ಅಷ್ಟು ವರ್ಷ ಒಂದೇ ದಪ್ಪದ ನುಣ್ಣಗಿನ ಕೋಲಿನ ಮೇಲೆ ಕೂರುವುದು ಅಂದರೆ, ಒಂದೇ ಗಟ್ಟಿ ಚಪ್ಪಲಿ ಹಾಕಿಕೊಂಡು ಜೀವನವಿಡೀ ನಿಂತ ಹಾಗೆ. ಪಾದದ ಅದೇ ಜಾಗದ ಮೇಲೆ ಭಾರ ಬಿದ್ದು ಬಿದ್ದು ಅಲ್ಲಿ ಚರ್ಮ ನುಣ್ಣಗಾಗುತ್ತದೆ, ಕೆಂಪಾಗುತ್ತದೆ, ಆಮೇಲೆ ಹುಣ್ಣಾಗುತ್ತದೆ. ಅಂಗಾಲು ನೋಡಿ. ಆರೋಗ್ಯವಾದ ಪಾದದಲ್ಲಿ ಸಣ್ಣ ಸಣ್ಣ ಉಬ್ಬುಗಳು ಕಾಣಬೇಕು. ಅವು ಅಳಿಸಿಹೋಗಿ ಚರ್ಮ ಹೊಳೆಯುತ್ತಿದ್ದರೆ ತೊಂದರೆ ಶುರುವಾಗಿದೆ ಅಂತಲೇ ಅರ್ಥ.

ಹೊಸ ಪಂಜರದಲ್ಲಿ ಬೇರೆ ಬೇರೆ ದಪ್ಪದ, ಅಂಕುಡೊಂಕಾದ, ತೊಗಟೆ ಇರುವ ಕೊಂಬೆಗಳನ್ನು ಕಟ್ಟಿ. ಔಷಧಿ ಹೊಡೆಯದ ಮರದ್ದಾಗಿರಲಿ, ಚೆನ್ನಾಗಿ ತೊಳೆದು ಒಣಗಿಸಿ. ಬೆರಳುಗಳು ಕೊಂಬೆಯ ಮುಕ್ಕಾಲು ಭಾಗ ಸುತ್ತಿದರೆ ಸಾಕು, ಪೂರ್ತಿ ಸುತ್ತಿ ಉಗುರು ಪಾದಕ್ಕೆ ತಾಗಬಾರದು. ಅವಳ ಎಡಗಾಲಿಗೆ ಹಿಡಿತವಿಲ್ಲ ಅಂದಿರಿ. ಹಾಗಾಗಿ ಹಿಡಿಯದೇ ಸುಮ್ನೆ ನಿಲ್ಲಬಹುದಾದ ಒಂದು ಚಪ್ಪಟೆ ಹಲಗೆ ಬೇಕೇ ಬೇಕು. ರಾತ್ರಿ ಮಲಗುವ ಜಾಗದಲ್ಲಿ ಅದನ್ನು ಹಾಕಿ. ಮರಳುಕಾಗದ ಸುತ್ತಿದ ಕೋಲು ಮಾರುತ್ತಾರೆ, ಅದು ಬೇಡ. ಉಗುರು ಸವೆಯುವುದಿಲ್ಲ, ಅಂಗಾಲು ತರಚುತ್ತದೆ.

ಎಲ್ಲವನ್ನೂ ತಗ್ಗಿನಲ್ಲಿ ಕಟ್ಟಿ. ಗಿಳಿಗೆ ಎತ್ತರ ಇಷ್ಟ ನಿಜ, ಆದರೆ ಹಾರಲಾರದ ಹಕ್ಕಿ ಮೇಲಿಂದ ಬಿದ್ದರೆ ಎದೆಮೂಳೆಯ ಮೇಲೆ ಬೀಳುತ್ತದೆ, ಅಲ್ಲಿ ಚರ್ಮ ಸೀಳುತ್ತದೆ. ಎತ್ತರ ಬೇಕೆಂದರೆ ಇಡೀ ಪಂಜರವನ್ನು ಮೇಜಿನ ಮೇಲೆ ಇಡಿ. ಒಳಗೆ ಕೊಂಬೆಯಿಂದ ಕೊಂಬೆಗೆ ಏಣಿ ಇರಲಿ. ತಳಕ್ಕೆ ದಪ್ಪ ಟವೆಲ್ ಹಾಸಿ, ಮೇಲೆ ಕಾಗದ ಹಾಕಿ. ಟವೆಲ್‌ನ ದಾರ ಬಿಟ್ಟುಕೊಂಡಿದ್ದರೆ ಬೇರೆ ಹಾಸಿ, ದಾರ ಬೆರಳಿಗೆ ಸುತ್ತಿಕೊಳ್ಳುತ್ತದೆ. ನೀರು, ಊಟದ ಬಟ್ಟಲುಗಳು ಅವಳು ಹೆಚ್ಚು ಕೂರುವ ಜಾಗದ ಪಕ್ಕದಲ್ಲೇ ಇರಲಿ. ಪಂಜರದ ಕಂಬಿಗಳ ನಡುವಿನ ಅಂತರ 2ರಿಂದ 2.5 ಸೆಂಟಿಮೀಟರ್ ಒಳಗಿದೆಯಾ ಅಂತ ಅಳೆದು ನೋಡಿ. ಒಂದು ಬದಿ ಗೋಡೆಗೆ ತಾಗಿರಲಿ, ಬೆನ್ನ ಹಿಂದೆ ಗೋಡೆ ಇದ್ದರೆ ಅವಳಿಗೆ ಧೈರ್ಯ.

ಅಡುಗೆಮನೆ ಹಾಲ್‌ಗೆ ತೆರೆದಿದೆ ಅಂದರೆ ಚುಕ್ಕಿಯ ಪಂಜರ ಹಾಲ್‌ನಲ್ಲಿ ಬೇಡ. ಬಾಗಿಲು ಮುಚ್ಚಬಹುದಾದ ಕೋಣೆ ಕೊಡಿ. ನಾನ್‌ಸ್ಟಿಕ್ ಪಾತ್ರೆಯ ಟೆಫ್ಲಾನ್ ಲೇಪ ಸುಮಾರು 280 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಅದರಿಂದ ಬರುವ ಅನಿಲ ಹಕ್ಕಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತದೆ. ಖಾಲಿ ಪಾತ್ರೆ ಒಲೆಯ ಮೇಲೆ ಮರೆತರೆ ಆ ಬಿಸಿ ಬೇಗ ಬಂದುಬಿಡುತ್ತದೆ. ಏರ್ ಫ್ರೈಯರ್, ಇಸ್ತ್ರಿಪೆಟ್ಟಿಗೆ, ಕೋಣೆ ಬೆಚ್ಚಗಿಡುವ ಹೀಟರ್‌ಗಳಲ್ಲೂ ಇದೇ ಲೇಪ ಇರಬಹುದು. ದಯವಿಟ್ಟು ನಾನ್‌ಸ್ಟಿಕ್ ಪಾತ್ರೆಗಳನ್ನು ಪೂರ್ತಿ ಮನೆಯಿಂದ ಹೊರಗೆ ಹಾಕಿ. ನಿಮ್ಮ ಬಡ್ಜಿಗಳಿಗೂ ಇದೇ ಮಾತು. ಸ್ಪ್ರೇ, ಸುವಾಸನೆಯ ಮೇಣದಬತ್ತಿ, ಸಿಗರೇಟು ಹೊಗೆ ಕೂಡ ಬೇಡ. ಸೀಲಿಂಗ್ ಫ್ಯಾನ್ ಇದ್ದರೆ ಅವಳು ಹೊರಗಿರುವಷ್ಟು ಹೊತ್ತು ಆರಿಸಿ. ಹಾರದ ಗಿಳಿಯೂ ಬೆಚ್ಚಿದಾಗ ರೆಕ್ಕೆ ಬಡಿದು ಏಳುತ್ತದೆ.

ಊಟ ಬದಲಿಸಲೇಬೇಕು, ಆದರೆ ಈ ತಿಂಗಳಲ್ಲ. ಅಮೆರಿಕದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿದ್ದ ಕುಕಿ ಎಂಬ ಕಾಕಟೂ ಗಿಳಿ 83 ವರ್ಷ ಬದುಕಿ 2016ರಲ್ಲಿ ತೀರಿಕೊಂಡಿತು. ಅದರ ಮೊದಲ 40 ವರ್ಷದ ಊಟ ಬರೀ ಬೀಜ. ಮುಪ್ಪಿನಲ್ಲಿ ಮೂಳೆ ಸವೆದಿದ್ದಕ್ಕೆ ಅದೇ ಕಾರಣವೆಂದು ಹೇಳುತ್ತಿದ್ದರು. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಮತ್ತು ಎ ವಿಟಮಿನ್ ಬಹಳ ಕಡಿಮೆ. ಗ್ರೇ ಗಿಳಿಗಳಿಗೆ ಕ್ಯಾಲ್ಸಿಯಂ ಕೊರತೆ ಬೇಗ ಕಾಡುತ್ತದೆ, ನಡುಕ, ಫಿಟ್ಸ್ ಕೂಡ ಬರಬಹುದು. ಹಾಗಂತ ಬೀಜ ನಿಲ್ಲಿಸಿ ಪೆಲೆಟ್ ಇಟ್ಟು "ಹಸಿದರೆ ತಿನ್ನುತ್ತಾಳೆ" ಅಂತ ಕಾಯಬೇಡಿ. ಪೆಲೆಟ್ ಊಟ ಅಂತಲೇ ಅವಳಿಗೆ ಗೊತ್ತಿಲ್ಲ. ಬಟ್ಟಲ ಮುಂದೆಯೇ ಹಸಿದು ಸಾಯಬಹುದು.

ಬೀಜ ಹಾಗೇ ಇರಲಿ. ಪಕ್ಕದಲ್ಲಿ ಇನ್ನೊಂದು ಬಟ್ಟಲಲ್ಲಿ ಬೇಯಿಸಿದ ಗೆಣಸು, ಕುಂಬಳಕಾಯಿ, ಸಣ್ಣಗೆ ಹೆಚ್ಚಿದ ಸೊಪ್ಪು ಸ್ವಲ್ಪ ಬೆಚ್ಚಗೆ ಇಡಿ. ಅವಳ ಮುಂದೆ ಕೂತು ನೀವೂ ಅದನ್ನೇ ತಿನ್ನಿ. ಗಿಳಿಗಳು ಗುಂಪಿನಲ್ಲಿ ತಿನ್ನುವ ಜೀವಿಗಳು. ನಿಮ್ಮ ಬಾಯಿ ನೋಡಿಯೇ ಧೈರ್ಯ ಬರುತ್ತದೆ. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ, ಮದ್ಯ, ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಎಂದೂ ಕೊಡಬಾರದು.

ಬಿಳಿಕೋಟು:

ಹಕ್ಕಿಗಳ ಚಿಕಿತ್ಸೆಯ ಕೆಲಸದಲ್ಲಿದ್ದೇನೆ. ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಮನೆಗೆ ಬಂದ ಮೊದಲ ವಾರದೊಳಗೆ ಹಕ್ಕಿಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ. ರಕ್ತ ಪರೀಕ್ಷೆ ಮಾಡಿಸಿ, ಎಡಗಾಲಿನ ಎಕ್ಸ್‌ರೇ ತೆಗೆಸಿ. ಪುಕ್ಕ ಕೀಳುವುದನ್ನು ಬರೀ ಬೇಜಾರು ಅಂತ ತಳ್ಳಿಹಾಕಬೇಡಿ. ಯಕೃತ್ತಿನ ತೊಂದರೆ, ಚರ್ಮದ ಸೋಂಕು, ನೋವು, ಯಾವುದೂ ಇರಬಹುದು. ಅಂದಹಾಗೆ, ಹೆಣ್ಣು ಅಂತ ಹೇಗೆ ಗೊತ್ತಾಯಿತು? ಗ್ರೇ ಗಿಳಿಗಳಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ. ಹಿಂದೆ ಮೊಟ್ಟೆ ಇಟ್ಟಿದ್ದರೆ ವೈದ್ಯರಿಗೆ ಹೇಳಿ, ಮೊಟ್ಟೆಗೆ ಕ್ಯಾಲ್ಸಿಯಂ ಬಹಳ ಖರ್ಚಾಗಿರುತ್ತದೆ.

ಬಡ್ಜಿಗಳಿಂದ 30ರಿಂದ 45 ದಿನ ಬೇರೆ ಕೋಣೆಯಲ್ಲಿಡಿ. ಮೊದಲು ಬಡ್ಜಿಗಳ ಕೆಲಸ ಮುಗಿಸಿ, ಆಮೇಲೆ ಚುಕ್ಕಿಯ ಕೋಣೆಗೆ ಹೋಗಿ, ಕೈ ತೊಳೆಯಿರಿ. ಸಿಟಕೋಸಿಸ್ ಎಂಬ ಸೋಂಕಿನ ಪರೀಕ್ಷೆ ಮಾಡಿಸಿ. ಅದು ಹಕ್ಕಿಯಿಂದ ಮನುಷ್ಯರಿಗೂ ಹರಡುತ್ತದೆ. ಮನೆಯಲ್ಲಿ ಯಾರಿಗಾದರೂ ಜ್ವರ, ತಲೆನೋವು, ಒಣಕೆಮ್ಮು ಬಂದರೆ "ಮನೆಯಲ್ಲಿ ಗಿಳಿ ಇದೆ" ಅಂತ ನಿಮ್ಮ ವೈದ್ಯರಿಗೆ ಹೇಳಲೇಬೇಕು. ಸರಿಯಾದ ಔಷಧಿ ಕೊಟ್ಟರೆ ಗುಣವಾಗುತ್ತದೆ.

ಅಮ್ಮನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ರೇ ಗಿಳಿಯ ಪುಕ್ಕದಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ, ಬಡ್ಜಿಗಳಿಗಿಂತ ತುಂಬಾ ಜಾಸ್ತಿ. ಗಿಳಿ ಬರುವ ಮುಂಚೆ ಅಮ್ಮನ ವೈದ್ಯರನ್ನು ಕೇಳಿ. ಅಮ್ಮ ಆ ಹಿರಿಯರ ಮನೆಯಲ್ಲಿ ಸ್ವಲ್ಪ ಹೊತ್ತು ಕೂತು ಬರಲಿ, ಉಸಿರು ಹೇಗಿರುತ್ತದೆ ಗಮನಿಸಿ. ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧಿ ಯಂತ್ರ, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಗಿಳಿಗೆ ಆಗಾಗ ನೀರು ಚಿಮುಕಿಸುವುದರಿಂದ ಪುಡಿ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಗ್ರಾಂ ತೋರಿಸುವ ತಕ್ಕಡಿ ಇರಲಿ. ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮುಂಚೆ ತೂಗಿ ಬರೆದಿಡಿ. ಹಕ್ಕಿಗಳು ಕಾಯಿಲೆ ಮುಚ್ಚಿಡುತ್ತವೆ, ತೂಕ ಮಾತ್ರ ಮುಚ್ಚಿಡಲಾಗುವುದಿಲ್ಲ. ನೂರಕ್ಕೆ ಹತ್ತರಷ್ಟು ಇಳಿದರೆ ತಡಮಾಡಬೇಡಿ. ಕೆಮ್ಮುವ ಅನುಕರಣೆಗೆ ಗಾಬರಿ ಬೇಡ. ಆದರೆ ಸುಮ್ಮನೆ ಕೂತಾಗಲೂ ಪ್ರತಿ ಉಸಿರಿಗೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಮೂಗಿನಿಂದ ನೀರು ಬರುತ್ತಿದ್ದರೆ, ಪಂಜರದ ತಳದಲ್ಲಿ ಉಬ್ಬಿಕೊಂಡು ಕೂತಿದ್ದರೆ ಅವತ್ತೇ ವೈದ್ಯರ ಹತ್ತಿರ ಹೋಗಿ.

ಹೊಸಗೂಡು:

ಇಬ್ಬರಿಗೂ ತುಂಬಾ ಧನ್ಯವಾದ. ಹಳೆಯ ಪಂಜರ ತರುತ್ತೇವೆ. ಆಟಿಕೆ ತೆಗೆದಾಯಿತು. ಹಿಂದಿನ ಕೋಣೆಗೆ ಬಾಗಿಲಿದೆ, ಚುಕ್ಕಿಗೆ ಅದೇ. ಭಾನುವಾರ ಅಮ್ಮನನ್ನೂ ಕರೆದುಕೊಂಡು ಅವರ ಮನೆಗೆ ಹೋಗುತ್ತಿದ್ದೇವೆ. ಹಿಂದೊಮ್ಮೆ ಚುಕ್ಕಿ ಮೊಟ್ಟೆ ಇಟ್ಟಿದ್ದಳಂತೆ, ಹಾಗಾಗಿ ಹೆಣ್ಣು ಅಂತ ಗೊತ್ತು. ಇನ್ನೂ ಎರಡು ಪ್ರಶ್ನೆ. ಬಂದ ತಕ್ಷಣ ಕೈಗೆ ತೆಗೆದುಕೊಳ್ಳಬೇಕಾ, ಬಿಡಬೇಕಾ? ಎದೆಯ ಪುಕ್ಕ ಮತ್ತೆ ಬರುತ್ತಾ?

ಹಳೇಗರಿ:

ಕೈ ಚಾಚಬೇಡಿ. ಬೆಳಿಗ್ಗೆಯೇ ಕರೆತನ್ನಿ, ಕತ್ತಲಾಗುವ ಮುಂಚೆ ಕೋಣೆಯನ್ನು ನೋಡಿಕೊಳ್ಳಲು ಅವಳಿಗೆ ಹೊತ್ತು ಸಿಗಲಿ. ರಾತ್ರಿ ಒಂದು ಸಣ್ಣ ದೀಪ ಇರಲಿ, ಹೊಸ ಜಾಗದಲ್ಲಿ ಬೆಚ್ಚಿ ಬೀಳುವುದುಂಟು. ಹತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಬಂಧುಬಳಗವನ್ನು ನೋಡಲು ಕರೆಯಬೇಡಿ. ನೀವು ದಿನಾ ಒಂದೇ ಹೊತ್ತಿಗೆ ಹೋಗಿ, ಪಂಜರದಿಂದ ಸ್ವಲ್ಪ ದೂರ, ಅವಳಿಗಿಂತ ತಗ್ಗಿನಲ್ಲಿ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ. ಓದಿ, ಬಟ್ಟೆ ಮಡಚಿ, ಮೆಲ್ಲಗೆ ಮಾತಾಡಿ. ನೇರವಾಗಿ ದಿಟ್ಟಿಸಬೇಡಿ. ಕಣ್ಣಿನ ಪಾಪೆ ಬೇಗ ಬೇಗ ಹಿಗ್ಗಿ ಕುಗ್ಗಿ, ಕತ್ತಿನ ಗರಿ ಎದ್ದರೆ ಹಿಂದೆ ಸರಿಯಿರಿ. ಕೊಕ್ಕು ಕಟಕಟ ಉಜ್ಜುತ್ತಾ ಒಂದು ಕಾಲು ಮೇಲೆತ್ತಿ ಕೂತರೆ ನಿಮ್ಮ ಜೊತೆ ನೆಮ್ಮದಿಯಾಗಿದ್ದಾಳೆ. ಇವಳ ಕಾಲಿನ ಸ್ಥಿತಿಯಲ್ಲಿ ಒಂಟಿಕಾಲಿನಲ್ಲಿ ನಿಲ್ಲಲು ಆಗದೇ ಇರಬಹುದು, ಹಾಗಾಗಿ ಕೊಕ್ಕಿನ ಸದ್ದನ್ನೇ ಕೇಳಿಸಿಕೊಳ್ಳಿ.

ಪುಕ್ಕದ ಬಗ್ಗೆ ಖಚಿತವಾಗಿ ಹೇಳಲಾಗುವುದಿಲ್ಲ. ವರ್ಷಗಟ್ಟಲೆ ಕಿತ್ತರೆ ಬುಡವೇ ಹಾಳಾಗಿರಬಹುದು, ಹಾಳಾದ ಕಡೆ ಮತ್ತೆ ಬರುವುದಿಲ್ಲ. ಬಾರದಿದ್ದರೂ ಪರವಾಗಿಲ್ಲ, ಅವಳಿಗೆ ಚಳಿಯಾಗದ ಹಾಗೆ ಕೋಣೆ ಬೆಚ್ಚಗಿಡಿ. ಕಿತ್ತಾಗ "ಬೇಡ" ಅಂತ ಓಡಿ ಹೋಗಬೇಡಿ. ಕಿತ್ತರೆ ನೀವು ಬರುತ್ತೀರಿ ಅಂತ ಕಲಿತುಬಿಡುತ್ತಾಳೆ. ಕೊಕ್ಕಿಗೆ ಬೇರೆ ಕೆಲಸ ಕೊಡಿ. ಕಾಗದದಲ್ಲಿ ಒಂದೆರಡು ಬೀಜ ಸುತ್ತಿಕೊಡಿ, ಹರಿಯಲಿ.

ನೀವು ಕೇಳದೇ ಇರುವ ಒಂದು ಮಾತು. ಚೆನ್ನಾಗಿ ನೋಡಿಕೊಂಡರೆ ಗ್ರೇ ಗಿಳಿಗಳು 40ರಿಂದ 60 ವರ್ಷ ಬದುಕುತ್ತವೆ. ನಿಮ್ಮ ನಂತರ ಚುಕ್ಕಿಯನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಈಗಲೇ ಮಾತಾಡಿ ಬರೆದಿಡಿ. ಆ ಹಿರಿಯರ ಬಳಿ ಇರುವ ಕಾಗದಪತ್ರಗಳನ್ನೂ ಕೇಳಿ ತೆಗೆದುಕೊಳ್ಳಿ. 2017ರಿಂದ ಈ ಜಾತಿ ಸೈಟ್ಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಎಲ್ಲಿಂದ ಬಂದ ಹಕ್ಕಿ ಅಂತ ತೋರಿಸಬೇಕಾಗಿ ಬರಬಹುದು.

ಎಕ್ಸ್‌ರೇ ಆದಮೇಲೆ ಎಡಗಾಲಿನ ಬಗ್ಗೆ ವೈದ್ಯರು ಏನು ಹೇಳಿದರು ಅಂತ ಇಲ್ಲಿ ಬರೆಯಿರಿ. ಸಂಧಿವಾತ ಅಂತಾದರೆ ಕೊಂಬೆಗಳನ್ನು ಕಟ್ಟುವ ರೀತಿ ಇನ್ನೂ ಸ್ವಲ್ಪ ಬದಲಿಸಬೇಕಾಗುತ್ತದೆ, ಆಗ ವಿವರವಾಗಿ ಹೇಳುತ್ತೇನೆ.